ಅಪ್ಪನ ಬಸ್ಸಿಗೊಂದು ಗ್ರಾಫಿಕ್ಸ್ ಕಾರ್ಡು

ಗ್ರಾಫಿಕ್ಸ್ ಕಾರ್ಡ್ ಎಂಬ ವಸ್ತುವನ್ನು ನೀವು ಕಣ್ಣಾರೆ ನೋಡಿರದಿದ್ದರೆ ಕಳೆದುಕೊಂಡದ್ದೇನೂ ಇಲ್ಲ. ಹೆಸರಿಗೆ ಕಾರ್ಡು, ನೋಡುವುದಕ್ಕೆ ಉದ್ದನೆಯ ಟಿಫಿನ್ ಡಬ್ಬಿ. ಮೈಮೇಲೆ ಎರಡು ಪುಟ್ಟ ಫ್ಯಾನು. ಕಂಪ್ಯೂಟರಿನ ಹೊಟ್ಟೆಯೊಳಗೆ ಅಡ್ಡಡ್ಡ ಕೂತಿರುತ್ತದೆ. ಪರದೆಯ ಮೇಲೆ ಓಡಾಡುವ ಚಿತ್ರಗಳನ್ನೆಲ್ಲ ಬರೆದು ಬರೆದು ಎಸೆಯುವ ಕೆಲಸ ಅದರದು. ಕೆಲಸ ಜಾಸ್ತಿಯಾದರೆ ಬಿಸಿಯೇರುತ್ತದೆ, ಬಿಸಿಯೇರಿದರೆ ಫ್ಯಾನು ಅರಚಿಕೊಳ್ಳುತ್ತದೆ. ಮೊನ್ನೆ ಭಾನುವಾರ ಬೆಳಿಗ್ಗೆ ಅಪ್ಪನ ಕಂಪ್ಯೂಟರಿನಿಂದ ಇದನ್ನು ಬಿಚ್ಚಿ ಕೈಯಲ್ಲಿ ಹಿಡಿದು, ಪೇಂಟ್ ಬ್ರಷ್ಷಿನಲ್ಲಿ ಧೂಳು ಕೊಡವುತ್ತಾ ಕೂತಿದ್ದೆ. ಧೂಳಿನಲ್ಲಿ ಅರ್ಧಕ್ಕರ್ಧ ಊದುಬತ್ತಿಯ ಬೂದಿ. ಕಂಪ್ಯೂಟರಿಗೆ ದಿನಾ ಊದುಬತ್ತಿ ಬೆಳಗುವ ಮನೆ ನಮ್ಮದು, ಹಾಗಾಗಿ ಆಶ್ಚರ್ಯಪಡುವ ಹಾಗಿರಲಿಲ್ಲ.

ಈ ಹಳೆಯ ಕಾರ್ಡನ್ನು ತೆಗೆದು ಹೊಸದನ್ನು ಈಗಲೇ ಕೊಳ್ಳುವುದೋ, ಬೆಲೆ ಇಳಿಯುವವರೆಗೆ ಕಾಯುವುದೋ ಎಂಬುದು ನಮ್ಮ ಮನೆಯಲ್ಲಿ ಬಹಳ ದಿನಗಳಿಂದ ಇತ್ಯರ್ಥವಾಗದೆ ಉಳಿದ ಪ್ರಶ್ನೆ. ಯಾರಿಗೆ ಬೇಕಿತ್ತು ಈ ಕಾರ್ಡು ಅಂದಿರಾ? ಅಪ್ಪನಿಗೆ. ಅಪ್ಪ ಎಪ್ಪತ್ತು ದಾಟಿದ ಮನುಷ್ಯ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ಊರುಗಳ ನಡುವೆ ಸರ್ಕಾರಿ ಕೆಂಪು ಬಸ್ಸು ಓಡಿಸಿಕೊಂಡೇ ತಲೆ ಬೆಳ್ಳಗೆ ಮಾಡಿಕೊಂಡು ನಿವೃತ್ತನಾದವನು. ಈಗ ಅದೇ ರಸ್ತೆಗಳಲ್ಲಿ ಕಂಪ್ಯೂಟರಿನೊಳಗೆ ಬಸ್ಸು ಓಡಿಸುತ್ತಾನೆ. ಆ ಬಸ್ಸು ಸರಿಯಾಗಿ ಓಡಲಿ ಅಂತ ನನಗೆ ಈ ಪರದಾಟ.

ಅಪ್ಪನ ಬಗ್ಗೆ ಹೇಳುವಾಗ ಮೊದಲು ಹೇಳಬೇಕಾದದ್ದು ಅವನ ಅನುಮಾನದ ಬಗ್ಗೆ. ಬೇರೆಯವರ ಮನೆಯಲ್ಲಿ ಅನುಮಾನ ಒಂದು ದುರ್ಗುಣ, ನಮ್ಮ ಮನೆಯಲ್ಲಿ ಅದೇ ಅನ್ನ ಹಾಕಿದ್ದು. ಸೇವೆಯುದ್ದಕ್ಕೂ ಒಂದು ಕೋಳಿಮರಿಯನ್ನೂ ತುಳಿಯದೆ ಬಸ್ಸು ಓಡಿಸಿದೆ ಎನ್ನುವುದು ಅಪ್ಪನ ಒಂದೇ ಹೆಮ್ಮೆ. ಅದಕ್ಕೆ ಕಾರಣ ಕೇಳಿದರೆ, "ನಾನು ಯಾವನ್ನೂ ನಂಬ್ನಿಲ್ಲ ಕಣವ್ವ, ಅಷ್ಟೇಯ" ಎನ್ನುತ್ತಾನೆ. ಕಂಡಕ್ಟರ್ ರೈಟ್ ಅಂದರೂ ಕನ್ನಡಿಯಲ್ಲಿ ತಾನೇ ಒಮ್ಮೆ ನೋಡಿದ ಮೇಲೇ ಗೇರು. ಎದುರಿನ ಲಾರಿಯವನು ಎಡಕ್ಕೆ ಇಂಡಿಕೇಟರ್ ಹಾಕಿದ್ದರೆ ಅವನು ಬಲಕ್ಕೂ ತಿರುಗಬಹುದು, ನೇರವಾಗಿಯೂ ಬರಬಹುದು, ಅಲ್ಲೇ ನಿಲ್ಲಿಸಿ ಬೀಡಿ ಹಚ್ಚಲೂಬಹುದು. ರಸ್ತೆ ಬದಿಯಲ್ಲಿ ಮೇಯುತ್ತಿರುವ ಎಮ್ಮೆಯ ಮನಸ್ಸಿನಲ್ಲಿ ಏನಿದೆ ಅಂತ ಅದನ್ನು ಸಾಕಿದವನಿಗೂ ಗೊತ್ತಿರುವುದಿಲ್ಲ. ಇವೆಲ್ಲ ನಾನು ಬೋನೆಟ್ ಪಕ್ಕದ ಸೀಟಿನಲ್ಲಿ ಕೂತು ಕಲಿತ ಪಾಠಗಳು.

ಬೇಸಿಗೆ ರಜೆಯಲ್ಲಿ ಅಪ್ಪ ಒಂದೊಂದು ದಿನ ನನ್ನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಿದ್ದ. ಬೋನೆಟ್ಟಿನ ಬಿಸಿ ಲಂಗ ದಾಟಿ ಕಾಲಿಗೆ ತಾಗುತ್ತಿತ್ತು. ಡೀಸೆಲ್ ವಾಸನೆ, ಅಪ್ಪನ ಖಾಕಿಯ ಬೆವರು, ಮುಂದಿನ ಗಾಜಿಗೆ ಕಟ್ಟಿದ ಮಲ್ಲಿಗೆಯ ವಾಸನೆ ಮೂರೂ ಸೇರಿ ಹೊಟ್ಟೆ ತೊಳಸುತ್ತಿತ್ತು. ಆದರೂ ನಾನು ಇಳಿಯುತ್ತಿರಲಿಲ್ಲ. ಶ್ರವಣಬೆಳಗೊಳಕ್ಕೆ ಹೋಗುವ ಯಾತ್ರಿಕರು ಬಸ್ಸು ಹತ್ತಿ, "ಇದು ಬೆಟ್ಟದ ಹತ್ರಕ್ಕೇ ಹೋಗುತ್ತಾ?" ಎಂದು ಕೇಳಿದರೆ ಅಪ್ಪ ತಿರುಗಿ ಕೂಡ ನೋಡದೆ, "ಓಗೋ ತಂಕ ನೋಡಿ ಸ್ವಾಮಿ" ಅನ್ನುತ್ತಿದ್ದ. ತನ್ನ ಬಸ್ಸು ಎಲ್ಲಿಗೆ ಹೋಗುತ್ತದೆ ಎನ್ನುವುದರ ಬಗ್ಗೆಯೂ ಅಪ್ಪನಿಗೆ ಸಂಪೂರ್ಣ ಭರವಸೆ ಇರಲಿಲ್ಲ ಎಂದು ಕಾಣುತ್ತದೆ.

ಇಂಥವನು ಅಂಗಡಿಗೆ ಹೋದರೆ ಹೇಗಿರಬೇಡ! ಕಲ್ಲಂಗಡಿಯನ್ನು ಕಿವಿಗೆ ಹಿಡಿದು ತಟ್ಟಿ ಕೇಳುತ್ತಿದ್ದ. ಟೈರಿನ ಹಾಗೆ ಒದೆಯುವುದೊಂದು ಬಾಕಿ. ಬಣ್ಣದ ಟಿವಿ ಬಂದ ಕಾಲದಲ್ಲಿ ನಮ್ಮ ಬೀದಿಯವರೆಲ್ಲ ಒಬ್ಬೊಬ್ಬರಾಗಿ ಕೊಂಡರು. ಅಪ್ಪ ಮಾತ್ರ, "ಇಳೀತದೆ, ಕಾಯ್ರಿ" ಎಂದು ಕೂತುಬಿಟ್ಟ. ನಾವು ಅಳುವುದಕ್ಕೆ ಶುರು ಮಾಡಿದ ಮೇಲೆ ಹಾಸನದಿಂದ ಒಂದು ಬಣ್ಣದ ಪ್ಲಾಸ್ಟಿಕ್ ಹಾಳೆ ತಂದು ಕಪ್ಪು ಬಿಳುಪು ಟಿವಿಯ ಮುಂದೆ ಅಂಟಿಸಿದ. ಹಾಳೆಯ ಮೇಲುಭಾಗ ನೀಲಿ, ನಡುವೆ ಕೆಂಪು, ಕೆಳಗೆ ಹಸಿರು. ವಾರ್ತೆ ಓದುವ ಹೆಂಗಸಿನ ತಲೆ ನೀಲಿ, ಮುಖ ಕೆಂಪು, ಸೆರಗು ಹಸಿರು. ಹಾಗೇ ಎಷ್ಟೋ ವರ್ಷ ನೋಡಿದೆವು. ಕೊನೆಗೆ ಬಣ್ಣದ ಟಿವಿ ನಮ್ಮ ಮನೆಗೆ ಬಂದಾಗ ಎಲ್ಲರ ಮುಖವೂ ಒಂದೇ ಬಣ್ಣದಲ್ಲಿ ಕಂಡು ನನಗೆ ಅದೇ ಸುಳ್ಳು ಅನ್ನಿಸಿತು.

ನಾನೂ ಅಪ್ಪನ ಮಗಳೇ. ಹೊಳೆನರಸೀಪುರದ ಒಂದು ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ತರಕಾರಿಯವಳು ಕೊಸರು ಹಾಕಿದರೆ ಅದರಲ್ಲೇನೋ ಹುಳುಕಿದೆ ಎಂದು ಬಿಚ್ಚಿ ನೋಡುತ್ತೇನೆ. ನನ್ನ ಗಂಡ ಅರಕಲಗೂಡಿನ ಕಚೇರಿಯಿಂದ ಬೇಗ ಬಂದ ದಿನ ಮೊದಲು ಸಂತೋಷವಾಗುವುದಿಲ್ಲ, ಅನುಮಾನವಾಗುತ್ತದೆ. ಅವರು ಇದನ್ನು ನಗುನಗುತ್ತಾ ಸಹಿಸಿಕೊಂಡಿದ್ದಾರೆ. ಅಷ್ಟು ನಗುನಗುತ್ತಾ ಯಾಕೆ ಸಹಿಸಿಕೊಂಡಿದ್ದಾರೆ ಎನ್ನುವುದೂ ನನಗೊಂದು ಪ್ರಶ್ನೆ.

ಇರಲಿ, ಬಸ್ಸಿನ ವಿಷಯಕ್ಕೆ ಬರುತ್ತೇನೆ. ಅಪ್ಪ ಅಮ್ಮನ ಮನೆ ನಮ್ಮ ಮನೆಯಿಂದ ಎರಡು ಬೀದಿ ಆಚೆ. ನಿವೃತ್ತಿಯಾದ ಮೇಲೆ ಅಪ್ಪ ಸುಮ್ಮನೆ ಬಸ್‌ಸ್ಟ್ಯಾಂಡಿಗೆ ಹೋಗಿ ನಿಂತು, ಬರುವ ಹೋಗುವ ಡ್ರೈವರುಗಳ ತಪ್ಪುಗಳನ್ನು ಎಣಿಸಿಕೊಂಡು ಬರುತ್ತಿದ್ದ. ಮಂಡಿ ನೋವು ಶುರುವಾದ ಮೇಲೆ ಅದೂ ನಿಂತಿತು. ಜಗುಲಿಯ ಮೇಲೆ ಕೂತು ಬೀದಿಯಲ್ಲಿ ಹೋಗುವ ಸ್ಕೂಟರುಗಳಿಗೆ ಬಾಯಲ್ಲೇ ಬ್ರೇಕು ಹಾಕುತ್ತಿದ್ದ. ಆಗ ನನ್ನ ಗಂಡ ಎಲ್ಲಿಂದಲೋ ಒಂದು ಬಸ್ಸು ಓಡಿಸುವ ಆಟವನ್ನೂ, ಮೇಜಿಗೆ ಸಿಕ್ಕಿಸುವ ಒಂದು ಸ್ಟೀರಿಂಗನ್ನೂ ತಂದು ನಮ್ಮ ಹಳೆಯ ಕಂಪ್ಯೂಟರಿಗೆ ಜೋಡಿಸಿ ಅಪ್ಪನ ಮುಂದೆ ಇಟ್ಟರು. ಯಾರೋ ಪುಣ್ಯಾತ್ಮರು ನಮ್ಮ ಜಿಲ್ಲೆಯ ರಸ್ತೆಗಳನ್ನೇ ಆ ಆಟದೊಳಗೆ ಬರೆದು ಇಟ್ಟಿದ್ದರು. ಊರಿನ ಬೋರ್ಡುಗಳೂ ಕನ್ನಡದಲ್ಲೇ ಇದ್ದವು. ಬಿಟ್ಟಿಯಾಗಿ ಇಷ್ಟು ಕೆಲಸ ಯಾರು ಯಾಕೆ ಮಾಡುತ್ತಾರೆ ಎಂದು ನಾನು ಕೇಳಿದೆ. ಅಪ್ಪ ಕೇಳಲಿಲ್ಲ. ಪರದೆಯ ಮೇಲೆ ಹೊಳೆನರಸೀಪುರದ ಸೇತುವೆ ಬಂದದ್ದೇ ತಡ, ಚಪ್ಪಲಿ ಬಿಟ್ಟು, ಸ್ಟೀರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡು ಕೂತ.

ಅಪ್ಪ ಆಡುವುದನ್ನು ನೀವು ನೋಡಬೇಕು. ಆಟ ಅಂದರೆ ಸಿಟ್ಟಾಗುತ್ತಾನೆ, "ಡ್ಯೂಟಿ" ಅನ್ನಬೇಕು. ಬೆಳಗಿನ ಕಾಫಿ ಆದ ಮೇಲೆ ಒಂದು ಡ್ಯೂಟಿ, ಮಧ್ಯಾಹ್ನದ ನಿದ್ದೆ ಆದ ಮೇಲೆ ಒಂದು. ಆಟದೊಳಗೆ ಹತ್ತುವವರೇ ಇಲ್ಲದಿದ್ದರೂ ಪ್ರತಿ ಸ್ಟಾಪಿನಲ್ಲೂ ನಿಲ್ಲಿಸುತ್ತಾನೆ. ಆಸ್ಪತ್ರೆ ಮುಂದೆ ಹಾರನ್ ಮಾಡುವುದಿಲ್ಲ. ಕಂಪ್ಯೂಟರ್ ತಾನೇ ಓಡಿಸುವ ಲಾರಿ ಕಾರುಗಳ ಮೇಲೂ ಅವನಿಗೆ ಗುಮಾನಿ. "ಈ ನೀಲಿ ಕಾರ್ನೋನು ಸರಿಯಾಗಿಲ್ಲ ಕಣವ್ವ. ಆಗ್ಲಿಂದ ನನ್ನ ಹಿಂದೇನೇ ಬತ್ತಾವ್ನೆ" ಎಂದು ಒಂದು ದಿನ ಶಾಂತಿಗ್ರಾಮದವರೆಗೂ ಅವನನ್ನು ಮುಂದೆ ಬಿಡದೆ ಸತಾಯಿಸಿದ. ಶಾಂತಿಗ್ರಾಮದ ಸ್ಟಾಪಿನ ಎದುರು ತಾನು ಟೀ ಕುಡಿಯುತ್ತಿದ್ದ ಅಂಗಡಿಯನ್ನು ಆಟದಲ್ಲಿ ಹಾಕಿಲ್ಲ ಎನ್ನುವುದು ಮಾತ್ರ ಇನ್ನೂ ಮಾಯದ ಕೊರಗು.

ಎಲ್ಲ ಚೆನ್ನಾಗಿಯೇ ಇತ್ತು. ಕಳೆದ ವರ್ಷ ಯುಗಾದಿಯ ಆಸುಪಾಸಿನಲ್ಲಿ ಅಪ್ಪನ ಬಸ್ಸು ಓಲಾಡತೊಡಗಿತು. ಹಾಸನದಿಂದ ಚನ್ನರಾಯಪಟ್ಟಣದ ಕಡೆ ಹೋಗುವಾಗ ಶಾಂತಿಗ್ರಾಮಕ್ಕೆ ಮುಂಚೆ ಆಟದಲ್ಲಿ ಒಂದು ತಿರುವು ಬರುತ್ತದೆ. ಅಲ್ಲಿ ಬಸ್ಸು ಟಾರು ಬಿಟ್ಟು ಮಣ್ಣಿಗೆ ಇಳಿಯಿತು. ಇನ್ನೊಂದು ದಿನವೂ ಇಳಿಯಿತು. ಕೋಳಿಮರಿಯನ್ನೂ ತುಳಿಯದವನು ಮೈಲಿಗಲ್ಲಿಗೆ ಗುದ್ದಿದ. ನಾನು ಪಕ್ಕದಲ್ಲೇ ಇದ್ದೆ. ಅಪ್ಪ ಪರದೆಯನ್ನು ದುರುಗುಟ್ಟಿ ನೋಡಿ ಹೇಳಿದ:

"ಚಿತ್ರ ತಡವಾಗಿ ಬತ್ತದೆ ಕಣವ್ವ. ನಾನು ತಿರುಗ್ಸಿ ವಸಿ ಹೊತ್ತಾದ್ ಮ್ಯಾಕೆ ರೋಡು ತಿರುಗ್ತದೆ. ಇಂಗಾದ್ರೆ ಯಾವನ್ ತಾನೇ ಬಸ್ಸು ಓಡಿಸ್ತಾನೆ?"

ನೋಡಿದರೆ ಹೌದು, ಚಿತ್ರ ತಡವರಿಸುತ್ತಿತ್ತು. ಆಟದ ಹೊಸ ಆವೃತ್ತಿಯಲ್ಲಿ ಮರಗಿಡ ಜಾಸ್ತಿ, ಬಿಸಿಲು ನೆರಳು ಜಾಸ್ತಿ. ಹಳೆಯ ಗ್ರಾಫಿಕ್ಸ್ ಕಾರ್ಡಿಗೆ ಬರೆದು ಪೂರೈಸಲಾಗುತ್ತಿರಲಿಲ್ಲ. ರೋಗ ಪತ್ತೆಯಾಯಿತು ಎಂದು ನಾನು ಹಿಗ್ಗಿದೆ. "ಹೊಸ ಕಾರ್ಡು ಹಾಕಿಸೋಣ ಕಣಪ್ಪ, ಎಲ್ಲಾ ಸರಿಹೋಗುತ್ತೆ" ಅಂದೆ. ಅಪ್ಪ ಕಂಪ್ಯೂಟರ್ ಆರಿಸಿ ಜಗುಲಿಗೆ ಹೋಗಿ ಕೂತ.

ಅಲ್ಲಿಂದ ಶುರುವಾಯಿತು ನನ್ನ ಸಂಶೋಧನೆ. ಮೊಬೈಲಿನಲ್ಲಿ ಈ ಕಾರ್ಡುಗಳ ಬಗ್ಗೆ ಮಾತಾಡುವವರ ಒಂದು ದೊಡ್ಡ ಪಂಗಡವೇ ಇದೆ. ಒಬ್ಬ, "ಈಗ ಕೊಂಡರೆ ಮೂರ್ಖರು" ಎಂದು ಬೆದರಿಸುತ್ತಾನೆ. ವಿಡಿಯೊ ಕೆಳಗೆ ನೋಡಿದರೆ ಅದೇ ಕಾರ್ಡನ್ನು ಕೊಳ್ಳುವ ಲಿಂಕು ತೂಗುಹಾಕಿರುತ್ತಾನೆ. ಇನ್ನೊಬ್ಬ, "ಇನ್ನು ಕಾದರೆ ಸಿಗುವುದೇ ಇಲ್ಲ" ಅನ್ನುತ್ತಾನೆ. ಅವನ ಹಿಂದೆ ಕಪಾಟಿನ ತುಂಬ ಕಾರ್ಡುಗಳೇ. ಹೊಸ ಮಾದರಿ ಬಂದಾಗ ಹಳೆಯದರ ಬೆಲೆ ಇಳಿಯುತ್ತದೆ ಎಂದು ಒಂದು ವಾದ. ಹಳೆಯದನ್ನು ತಯಾರಿಸುವುದನ್ನೇ ನಿಲ್ಲಿಸಿ ಬೆಲೆ ಏರಿಸುತ್ತಾರೆ ಎಂದು ಇನ್ನೊಂದು. ಎಲ್ಲರೂ ಹಲ್ಲು ಬಿಟ್ಟುಕೊಂಡು ಬಲು ವಿಶ್ವಾಸದಿಂದ ಮಾತಾಡುತ್ತಿದ್ದರು. ಅಷ್ಟು ವಿಶ್ವಾಸದಿಂದ ಮಾತಾಡುವವರನ್ನು ಕಂಡರೆ ನನ್ನ ಕೈ ತಾನಾಗಿ ಪರ್ಸಿನ ಜಿಪ್ಪಿನ ಮೇಲೆ ಹೋಗುತ್ತದೆ.

ಹಾಸನದ ಒಂದು ಕಂಪ್ಯೂಟರ್ ಅಂಗಡಿಗೆ ಹೋದೆ. ಅಂಗಡಿಯವನು ನನ್ನ ಸೀರೆ, ಕನ್ನಡಕ, ಕೈಚೀಲ ಎಲ್ಲ ನೋಡಿ, "ಮಗನಿಗಾ ಮೇಡಂ?" ಅಂದ.

"ಅಲ್ಲ, ನಮ್ಮಪ್ಪನಿಗೆ."

"ಓ, ವಿಡಿಯೊ ಎಡಿಟಿಂಗಾ ಅವರದು?"

"ಇಲ್ಲ, ಬಸ್ಸು ಓಡಿಸ್ತಾರೆ."

ಅವನು ನನ್ನನ್ನು ತಲೆಯಿಂದ ಕಾಲಿನವರೆಗೆ ಇನ್ನೊಮ್ಮೆ ಅಳೆದು ನೋಡಿದ. ನನ್ನ ಜೀವನದಲ್ಲಿ ಒಬ್ಬ ಅಂಗಡಿಯವನು ನನ್ನ ಮೇಲೆ ಅನುಮಾನಪಟ್ಟದ್ದು ಅದೇ ಮೊದಲು. ನಿಜ ಹೇಳಬೇಕೆಂದರೆ ಚೂರು ಗೌರವ ಹುಟ್ಟಿತು. ಆಮೇಲೆ ಅವನು ಸುಧಾರಿಸಿಕೊಂಡು ಕಸುಬಿಗಿಳಿದ.

"ಇವತ್ತಿನ ರೇಟು ನಾಳೆ ಇರಲ್ಲ ಮೇಡಂ. ಈ ಎಐ ಕಂಪ್ನಿಯೋರು ಚಿಪ್ಪನ್ನೆಲ್ಲಾ ಬಾಚ್ಕೊಂಡು ಹೋಗ್ತಾ ಅವ್ರೆ. ನಮಗೇ ಮಾಲು ಬರ್ತಿಲ್ಲ. ತಗೊಂಡ್ಬಿಡಿ."

ನಾಳೆ ಬೆಲೆ ಏರುವುದು ಅಷ್ಟು ಖಾತ್ರಿಯಾಗಿದ್ದರೆ ಈ ಮನುಷ್ಯ ಅದನ್ನು ನಾಳೆಯೇ ಮಾರಬಹುದಲ್ಲ, ಇವತ್ತು ನನ್ನ ತಲೆಗೆ ಕಟ್ಟಲು ಯಾಕಿಷ್ಟು ಆತುರ ಎಂದು ಯೋಚಿಸುತ್ತಾ ಬಸ್ಸು ಹತ್ತಿದೆ. ಇಳಿದರೆ ತಿಳಿಸಿ ಎಂದು ಫೋನ್ ನಂಬರು ಮಾತ್ರ ಕೊಟ್ಟು ಬಂದಿದ್ದೆ. ಮನೆಗೆ ಬಂದು ಅಪ್ಪನಿಗೆ ಎಲ್ಲ ವರದಿ ಒಪ್ಪಿಸಿದೆ. ಅಪ್ಪ ತಲೆದೂಗಿದ.

"ಒಳ್ಳೇದಾಯ್ತು ಬುಡು. ಈಗ ಆಷಾಡ ಬ್ಯಾರೆ. ಆಷಾಡ್ದಾಗೆ ಹೊಸ ವಸ್ತು ತರ್ಬಾರ್ದು."

ಆಷಾಢ ಕಳೆಯಿತು. ಶ್ರಾವಣದಲ್ಲಿ ನಾನು ಮತ್ತೆ ಮಾತು ತೆಗೆದರೆ, "ಹೊಸ ಮಾಡ್ಲು ಬತ್ತದೆ ಅಂತಿದ್ದಲ್ಲವ್ವ, ಬರ್ಲಿ ತಡಿ" ಅಂದ. ಆಮೇಲೆ ಪಿತೃಪಕ್ಷ ಬಂತು, ಅದರಲ್ಲಂತೂ ಸೂಜಿಯನ್ನೂ ತರುವ ಹಾಗಿಲ್ಲ. ಆಯುಧಪೂಜೆಗೆ ಅಂಗಡಿಗಳಲ್ಲಿ ಭಾರಿ ರಿಯಾಯಿತಿ ಹಾಕಿದರು. "ಅಬ್ಬದಾಗೆ ರೇಟು ಏರ್ಸಿ ಆಮ್ಯಾಕೆ ಇಳ್ಸಿದಂಗೆ ಮಾಡ್ತಾರೆ, ನಂಗೊತ್ತಿಲ್ವಾ?" ಅಂದ ಅಪ್ಪ. ಇದನ್ನು ನಾನೇ ಕಾಲೇಜಿನಲ್ಲಿ ಹುಡುಗರಿಗೆ ಹೇಳಿಕೊಡುತ್ತೇನೆ. ಎಷ್ಟು ಚುರುಕಪ್ಪ ನಮ್ಮಪ್ಪ ಎಂದು ಖುಷಿಪಟ್ಟೆ. ಧನುರ್ಮಾಸದಲ್ಲಿ ನಾನೇ ಕೇಳಲಿಲ್ಲ, ಉತ್ತರ ಗೊತ್ತಿತ್ತು.

ಈ ಮಧ್ಯೆ ಚನ್ನರಾಯಪಟ್ಟಣದಲ್ಲಿ ಮದುವೆ ವಿಡಿಯೊ ಮಾಡುವ ಒಬ್ಬರು ತಮ್ಮ ಕಾರ್ಡನ್ನು ಮಾರುತ್ತಾರೆ ಎಂದು ಗೊತ್ತಾಯಿತು. ಸೆಕೆಂಡ್ ಹ್ಯಾಂಡ್ ವಸ್ತು ಅಂದಮೇಲೆ ಪರೀಕ್ಷೆಗೆ ಅಪ್ಪನಿಗಿಂತ ಬೇರೆ ಯಾರು ಬೇಕು? ಮಂಡಿ ನೋವಿದ್ದರೂ ಹೊರಡಿಸಿದೆ. ಬೇಡ ಬೇಡ ಎನ್ನುತ್ತಲೇ ಬಂದ. ಸ್ಟುಡಿಯೊದವರು ಕಾರ್ಡನ್ನು ಬಟ್ಟೆಯಲ್ಲಿ ಒರೆಸಿ ಮುಂದೆ ಹಿಡಿದರು. ಅಪ್ಪ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದವನು ಅದನ್ನು ತೆಗೆದುಕೊಳ್ಳದೆ, "ನೀವೇ ಇಡ್ಕಳಿ. ವಸಿ ಇತ್ಲಾಗೆ ತಿರುಗ್ಸಿ" ಎಂದು ಬಗ್ಗಿ ಬಗ್ಗಿ ನೋಡಿದ. ಫ್ಯಾನನ್ನು ಊದಿಸಿ ಕಿವಿಗೊಟ್ಟು ಕೇಳಿದ. ಮೂಸಿ ನೋಡಿದ.

"ಯಾಕಪ್ಪ ಮಾರ್ತಾ ಇದೀಯ?"

"ಹೊಸದು ತಗೊಂಡೆ ಸಾ. ಇದ್ರಲ್ಲಿ ಏನೂ ತೊಂದ್ರೆ ಇಲ್ಲ. ಬೇಕಾದ್ರೆ ಇಲ್ಲೇ ಹಾಕಿಕೊಡ್ತೀನಿ, ನೀವೇ ಕೂತು ಓಡಿಸಿ ನೋಡಿ ಸಾ."

"ಬ್ಯಾಡ ಬ್ಯಾಡ" ಎಂದು ಅಪ್ಪ ಆಗಲೇ ಮೆಟ್ಟಿಲಿಳಿಯುತ್ತಿದ್ದ. ಕೆಳಗೆ ಬಂದ ಮೇಲೆ ನನ್ನ ಕಿವಿಯಲ್ಲಿ, "ಸ್ಕ್ರೂ ಬಿಚ್ಚಿ ರಿಪೇರಿ ಮಾಡವ್ನೆ ಕಣವ್ವ. ಸ್ಕ್ರೂ ತಲೆ ಮ್ಯಾಲೆ ಗೀಚ್ಲು ನೋಡ್ನಿಲ್ವಾ?" ಅಂದ. ನನಗೆ ಗೀಚಲು ಕಂಡಿರಲಿಲ್ಲ. ಆದರೂ ಆ ವಯಸ್ಸಿನಲ್ಲೂ ಅವನ ಕಣ್ಣು ಹಾಗಿದೆಯಲ್ಲ ಎಂದು ದಾರಿಯುದ್ದಕ್ಕೂ ಬೀಗುತ್ತಾ ಬಂದೆ. ಮನೆಗೆ ಬಂದ ಅಪ್ಪ ಡ್ಯೂಟಿಗೆ ಕೂತ. ಬಸ್ಸು ಅದೇ ತಿರುವಿನಲ್ಲಿ ಮಣ್ಣಿಗಿಳಿಯಿತು. "ಈ ಕಾರ್ಡು ಸತ್ತೋಯ್ತದೆ ಇವತ್ತೋ ನಾಳೆಯೋ" ಎಂದು ಬೈದುಕೊಂಡ.

ಕಾಯುವುದಕ್ಕೂ ಒಂದು ಬೆಲೆ ಇದೆ, ಆ ಬೆಲೆಯನ್ನು ಯಾವ ಅಂಗಡಿಯವನೂ ಚೀಟಿಯಲ್ಲಿ ಬರೆದುಕೊಡುವುದಿಲ್ಲ ಎಂದು ಪ್ರತಿ ವರ್ಷ ಬೋರ್ಡಿನ ಮುಂದೆ ನಿಂತು ನಾನು ಪಾಠ ಮಾಡುತ್ತೇನೆ. ಈ ಸಲ ಆ ಪಾಠ ಮಾಡುವಾಗ ಅಪ್ಪ ನೆನಪಾದ. ಅಪ್ಪನಿಗೆ ಎಪ್ಪತ್ತು ದಾಟಿದೆ. ಅವನಿಗೆ ಈಗ ಉಳಿದಿರುವ ಒಂದೇ ಸಂತೋಷ ಆ ಬಸ್ಸು. ನಾನು ನೋಡಿದರೆ ಕೆಲವು ಸಾವಿರ ಇಳಿಯಲಿ ಎಂದು ಅವನಿಂದ ದಿನಾ ಮೈಲಿಗಲ್ಲಿಗೆ ಗುದ್ದಿಸುತ್ತಿದ್ದೇನೆ. ನಾಳೆ ಹೆಚ್ಚುಕಮ್ಮಿಯಾದರೆ ಕಡಿಮೆ ಬೆಲೆಯ ಆ ಕಾರ್ಡನ್ನು ತಂದು ಯಾರ ಮುಂದೆ ಇಡಲಿ? ಹಾಗೆ ಅನ್ನಿಸಿದ ಮೇಲೆ ನನಗೆ ತಡೆಯಲಾಗಲಿಲ್ಲ. ಅಪ್ಪನನ್ನು ಕೇಳುವುದೇ ಬೇಡ, ಬೆಲೆ ಎಷ್ಟಾದರೂ ಆಗಲಿ, ತಂದುಬಿಡುವುದು ಎಂದು ಗಟ್ಟಿ ಮನಸ್ಸು ಮಾಡಿದೆ.

ಆದರೂ ದುಡ್ಡು ಬಿಚ್ಚುವ ಮೊದಲು ಒಂದು ಸಲ ಪರೀಕ್ಷೆ ಮಾಡದಿದ್ದರೆ ನಾನು ಅಪ್ಪನ ಮಗಳು ಹೇಗಾದೇನು? ಕಾರ್ಡಿನದೇ ತೊಂದರೆಯೋ, ಬರೀ ಧೂಳೋ ನೋಡಿಬಿಡೋಣ ಎಂದು ಮೊನ್ನೆ ಭಾನುವಾರ ಬ್ರಷ್ಷು ಹಿಡಿದು ಹೋದೆ. ಅಪ್ಪ ಕ್ಷೌರದಂಗಡಿಗೆ ಹೋಗಿದ್ದ. ಧೂಳು ಕೊಡವಿದೆ, ಕಾರ್ಡನ್ನು ಮತ್ತೆ ಅದರ ಜಾಗದಲ್ಲಿ ಸಿಕ್ಕಿಸಿದೆ, ಆಟ ಹಚ್ಚಿದೆ. ಹಾಸನದ ಸ್ಟ್ಯಾಂಡಿನಿಂದ ಬಸ್ಸು ತೆಗೆದೆ.

ನಾನು ಸ್ಕೂಟಿಗಿಂತ ದೊಡ್ಡದನ್ನು ಓಡಿಸಿದವಳಲ್ಲ. ಸ್ಟೀರಿಂಗು ಹಿಡಿದದ್ದು ಅದೇ ಮೊದಲು. ಚಿತ್ರವೇನೋ ತಡವರಿಸುತ್ತಲೇ ಇತ್ತು, ಧೂಳು ತೆಗೆದದ್ದರಿಂದ ಒಂದಿಷ್ಟೂ ಉಪಯೋಗವಾಗಿರಲಿಲ್ಲ. ಮರಗಳು ಎಗರಿ ಎಗರಿ ಬಂದವು. ಹೆದರಿಕೊಂಡೇ ಆ ತಿರುವಿಗೆ ಬಂದೆ. ತಿರುಗಿಸಿದೆ. ಬಸ್ಸು ಟಾರಿನ ಮೇಲೇ ತಿರುಗಿತು. ಶಾಂತಿಗ್ರಾಮದ ಸ್ಟಾಪಿನಲ್ಲಿ ನಿಂತಿತು. ಹೇಗೋ ಅದೃಷ್ಟ ಎಂದುಕೊಂಡು ಇನ್ನೊಂದು ಸಲ ಹಾಸನದಿಂದ ಹೊರಟೆ. ಆಗಲೂ ನೆಟ್ಟಗೆ ಹೋಯಿತು.

ಅಮ್ಮ ಯಾವಾಗಲೋ ಅಡುಗೆಮನೆಯಿಂದ ಬಂದು ಹಿಂದೆ ನಿಂತಿದ್ದಳು. ಕೈಯಲ್ಲಿ ಸೊಪ್ಪು.

"ಕಾರ್ಡು ಅಷ್ಟೊಂದು ಹಾಳಾಗಿಲ್ಲ ಕಣಮ್ಮ" ಅಂದೆ ನಾನು, ಪೆದ್ದಿಯ ಹಾಗೆ. "ನನ್ನ ಕೈಯಲ್ಲಿ ಸರಿಯಾಗೇ ಹೋಗ್ತಿದೆ."

ಅಮ್ಮ ಸೊಪ್ಪನ್ನು ಮೇಜಿನ ಮೇಲಿಟ್ಟು ಕುರ್ಚಿ ಎಳೆದುಕೊಂಡು ಕೂತಳು.

"ನಿಮ್ಮಪ್ಪ ಕ್ಷೌರದಂಗ್ಡಿಗೆ ಯಾಕ್ ಓಗವ್ರೆ ಗೊತ್ತಾ? ಜಲ್ಮದಾಗೆ ಇನ್ನೊಬ್ಬರ ಕೈಲಿ ಗಡ್ಡ ಮಾಡಿಸ್ಕಂಡೋರಲ್ಲ. ಈಗ ಎರಡು ದಿನಕ್ಕೊಂದ್ಸಲ ಓಯ್ತಾರೆ. ಬ್ಲೇಡು ಇಡಿಯಕ್ಕಾಗಲ್ಲ."

ನನಗೆ ತಿಳಿಯಲಿಲ್ಲ. ತಿಳಿಯಿತು ಅನ್ನಿ, ಆದರೆ ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ.

"ಕೈ ನಡುಗ್ತದೆ ಕಣೇ" ಅಂದಳು ಅಮ್ಮ. "ಕಾಫಿನ ಅರ್ಧ ಲೋಟಕ್ಕೇ ಕೊಡ್ತೀನಿ, ಚೆಲ್ಬಾರ್ದು ಅಂತ. ಅಂಗಿ ಗುಂಡಿ ನಾನೇ ಹಾಕ್ತೀನಿ. ಹಾಸನ್ದಾಗೆ ಡಾಕ್ಟ್ರಿಗೆ ತೋರ್ಸಿದ್ದೀವಿ, ಮಾತ್ರೆನೂ ತಗತಾವ್ರೆ. ಮಗೀಗೆ ಯೋಳ್ಬ್ಯಾಡ ಅಂತ ನನ್ನ ಕೈಲಿ ಆಣೆ ಆಕ್ಸವ್ರೆ. ಈಗ ನಾನು ಯೋಳಿದ್ದು ಅವ್ರಿಗೆ ಗೊತ್ತಾಗೋದು ಬ್ಯಾಡ."

ಸೊಪ್ಪು ಎತ್ತಿಕೊಂಡು ಒಳಗೆ ಹೋದಳು.

ನಾನು ಸ್ಟೀರಿಂಗಿನ ಮುಂದೆ ಹಾಗೇ ಕೂತಿದ್ದೆ. ಅಂಗಡಿಯವನನ್ನು ಅನುಮಾನಿಸಿದ್ದೆ, ಮೊಬೈಲಿನ ಪಂಡಿತರನ್ನು ಅನುಮಾನಿಸಿದ್ದೆ, ಬಿಟ್ಟಿಯಾಗಿ ನಮ್ಮ ರಸ್ತೆ ಬರೆದುಕೊಟ್ಟವರನ್ನೂ ಬಿಟ್ಟಿರಲಿಲ್ಲ. ಅಪ್ಪ "ಕಾಯೋಣ" ಅಂದಾಗ ಮಾತ್ರ, ಆ ಮಾತು ನನ್ನದೇ ಎಂಬಂತೆ, ಒಂದು ಸಲವೂ ಯಾಕೆ ಅಂತ ಕೇಳಿರಲಿಲ್ಲ. ಪಕ್ಕದಲ್ಲಿ ಕೂತು ಪರದೆಯನ್ನು ನೋಡುತ್ತಿದ್ದೆ. ಅವನ ಕೈ ನೋಡಿರಲಿಲ್ಲ. ಚನ್ನರಾಯಪಟ್ಟಣದಲ್ಲಿ ಆ ಕೈ ಬೆನ್ನ ಹಿಂದೆ ಇದ್ದದ್ದು, ನೀವೇ ಕೂತು ಓಡಿಸಿ ನೋಡಿ ಅಂದ ಕೂಡಲೇ ಅವನು ಮೆಟ್ಟಿಲಿಳಿದದ್ದು, ಆ ಗೀಚಲು ಬಿದ್ದ ಸ್ಕ್ರೂ, ಎಲ್ಲ ಒಟ್ಟಿಗೆ ನೆನಪಾಯಿತು. ಹಳೆಯ ಕಾರ್ಡು ಇರುವವರೆಗೆ ಬಸ್ಸು ಮಣ್ಣಿಗಿಳಿದರೆ ಅದು ಕಾರ್ಡಿನ ತಪ್ಪು. ಹೊಸ ಕಾರ್ಡು ಬಂದು, ಚಿತ್ರವೆಲ್ಲ ನುಣ್ಣಗೆ ಓಡಿ, ಆಗಲೂ ಬಸ್ಸು ಮಣ್ಣಿಗಿಳಿದರೆ ಯಾರ ತಪ್ಪು? ಅದಕ್ಕೇ ಆಷಾಢ, ಅದಕ್ಕೇ ಪಿತೃಪಕ್ಷ. ಅದಕ್ಕೇ ನಾನು ಹೊಸ ಕಾರ್ಡಿನ ಮಾತೆತ್ತಿದ ಮೊದಲ ದಿನ ಅಪ್ಪ ಎದ್ದು ಜಗುಲಿಗೆ ಹೋದದ್ದು. ಎಲ್ಲವೂ ಸರಿಹೋಗುತ್ತದೆ ಎಂದು ನಾನು ಅವನಿಗೆ ಕೊಟ್ಟ ಮಾತು ಅವನನ್ನು ಎಷ್ಟು ಹೆದರಿಸಿರಬೇಕು!

ಗೇಟಿನ ಸದ್ದಾಯಿತು. ನುಣ್ಣಗೆ ಗಡ್ಡ ಮಾಡಿಸಿಕೊಂಡು, ಕಿವಿಯ ಹತ್ತಿರ ಪೌಡರು ಹಾಕಿಸಿಕೊಂಡು ಅಪ್ಪ ಒಳಗೆ ಬಂದ. ನಾನು ಅವನ ಕುರ್ಚಿಯಲ್ಲಿ ಕೂತಿರುವುದನ್ನು ನೋಡಿ ಬಾಗಿಲಲ್ಲೇ ನಿಂತ. ಆಟ ಇನ್ನೂ ಓಡುತ್ತಿತ್ತು. ಬಸ್ಸು ಶಾಂತಿಗ್ರಾಮದ ಸ್ಟಾಪಿನಲ್ಲಿ ನೆಟ್ಟಗೆ, ಗೆರೆ ಎಳೆದ ಹಾಗೆ ನಿಂತಿತ್ತು. ಅಪ್ಪ ಅದನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ಎಡಗೈಯನ್ನು ಮೆಲ್ಲಗೆ ಅಂಗಿಯ ಜೇಬಿಗೆ ಇಳಿಸಿದ.

ಸರಿಯಾಗಿ ಅದೇ ಹೊತ್ತಿಗೆ ನನ್ನ ಫೋನು ಹೊಡೆದುಕೊಂಡಿತು. ಹಾಸನದ ಅಂಗಡಿಯವನು. ಅವನ ದನಿ ಫೋನು ದಾಟಿ ಮನೆಯೆಲ್ಲ ಕೇಳಿಸುತ್ತದೆ.

"ಮೇಡಂ, ನೀವ್ ಕೇಳಿದ್ ಕಾರ್ಡು ಬಂದಿದೆ. ರೇಟೂ ಇಳಿದಿದೆ ಮೇಡಂ, ಸುಳ್ಳಲ್ಲ. ಒಂದೇ ಪೀಸು. ನಾಳೆ ಬರ್ತೀನಿ ಅಂದ್ರೆ ತೆಗೆದಿಡ್ತೀನಿ."

ಇಷ್ಟು ದಿನ ಕಾದದ್ದು ಈ ಒಂದು ಫೋನಿಗಾಗಿ. ಅವನು ಹೇಳಿದ ಬೆಲೆ ನಾನು ಅಂದುಕೊಂಡದ್ದಕ್ಕಿಂತ ಕಡಿಮೆಯಿತ್ತು. ಅದೂ ಅಲ್ಲದೆ, ನನಗೆ ಅವನ ಮಾತಿನಲ್ಲಿ ನಂಬಿಕೆ ಬಂದಿತ್ತು. "ಸ್ವಲ್ಪ ತಡೀರಿ" ಎಂದು ಫೋನನ್ನು ಕೈಯಲ್ಲಿ ಮುಚ್ಚಿ ಹಿಡಿದೆ.

"ಏನಂತೆ?" ಅಂದ ಅಪ್ಪ, ಎಲ್ಲ ಕೇಳಿಸಿದ್ದರೂ.

"ಕಾರ್ಡು ಬಂದಿದೆಯಂತೆ. ರೇಟು ಇಳಿದಿದೆಯಂತೆ."

ಅಪ್ಪ ಪಂಚಾಂಗ ತೆಗೆಯಲಿಲ್ಲ, ಹೊಸ ಮಾದರಿಯ ಸುದ್ದಿ ಎತ್ತಲಿಲ್ಲ. ನೆಲ ನೋಡುತ್ತಾ, "ನೀನೇನಂತೀಯವ್ವ?" ಅಂದ. ಈ ಮನುಷ್ಯ ಯಾವುದನ್ನಾದರೂ ಕೊಳ್ಳುವ ಮುಂಚೆ ಇನ್ನೊಬ್ಬರ ಅಭಿಪ್ರಾಯ ಕೇಳಿದ್ದನ್ನು ನಾನು ಕಂಡಿರಲಿಲ್ಲ.

"ಇಳಿದಿದೆ ಅಂತ ಅವನು ಹೇಳ್ತಾನೆ" ಅಂದೆ. "ಅವನ ಮಾತು ನಂಬಕ್ಕಾಗುತ್ತೇನಪ್ಪ? ಇನ್ನೂ ಇಳಿಯುತ್ತೆ. ಇನ್ನಷ್ಟು ದಿನ ಕಾಯೋಣ."

ಅಪ್ಪ ತಲೆ ಎತ್ತಿದ. ಅವನ ಮುಖ ಹಗುರಾದದ್ದನ್ನು ನೋಡಲಾರದೆ ನಾನು ಫೋನಿನ ಕಡೆ ತಿರುಗಿ, "ಈಗ ಬೇಡ, ಬೇರೆಯವರಿಗೆ ಕೊಟ್ಟುಬಿಡಿ" ಅಂದೆ. ಅಂಗಡಿಯವನು ಏನೋ ಗೊಣಗಿ ಫೋನಿಟ್ಟ.

"ಅದೇಯ ನಾನೂ ಅನ್ಕತಿದ್ದೆ" ಎ‌ನ್ನುತ್ತಾ ಅಪ್ಪ ಚಪ್ಪಲಿ ಬಿಟ್ಟ. ನಾನು ಎದ್ದು ಜಾಗ ಕೊಟ್ಟೆ. ಸ್ಟೀರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡ. ಈ ಸಲ ನಾನು ಪರದೆ ನೋಡಲಿಲ್ಲ, ಕೈ ನೋಡಿದೆ. ಬೆರಳ ಗೆಣ್ಣುಗಳು ಬೆಳ್ಳಗಾಗುವಷ್ಟು ಗಟ್ಟಿಯಾಗಿ ಹಿಡಿದಿದ್ದ. ಹಿಡಿದಷ್ಟೂ ಸ್ಟೀರಿಂಗೇ ಅದುರುತ್ತಿತ್ತು. ಹಾಸನದಿಂದ ಹೊರಟ ಬಸ್ಸು ಆ ತಿರುವಿಗೆ ಬಂದು, ಓಲಾಡಿ, ಮಣ್ಣಿಗಿಳಿದು ನಿಂತಿತು.

ಅಪ್ಪ ನನ್ನ ಕಡೆ ತಿರುಗಿದ. ಎದುರಿನ ಲಾರಿಯವನನ್ನು ನೋಡುವ ಹಾಗೆ, ಯಾವ ಕಡೆ ತಿರುಗುತ್ತಾಳೋ ಎಂದು, ಬಹಳ ಹೊತ್ತು ನೋಡಿದ.

"ನೋಡ್ದಾ? ಎಂಗೆ ತಡವಾಗಿ ಬತ್ತದೆ."

"ಹೂ ಕಣಪ್ಪ" ಅಂದೆ. "ನನಗೂ ಹಂಗೇ ಆಯ್ತು. ಆಗಲೇ ಎರಡು ಸಲ ಮಣ್ಣಿಗಿಳಿಸಿದೆ."